ಗಡ್ಡದ ರಾಜ, ಸಿಲ್ವಾರದ ಐದು ಪೈಸೆ

ಹೆಗ್ಗಡದೇವನಕೋಟೆ ಸೀಮೆಯ ಎನ್. ಬೇಗೂರಿನಲ್ಲಿ ನಾನು ಹುಡುಗನಾಗಿದ್ದ ಕಾಲಕ್ಕೆ ದುಡ್ಡಿನ ಮೇಲಿನ ಅಕ್ಷರ ಓದಬಲ್ಲವರು ಕಡಿಮೆ ಇದ್ದರು. ಆದರೆ ಕೈಗೆ ಬಂದ ಬಿಲ್ಲೆ ಯಾವ ಲೋಹದ್ದು, ಅದನ್ನು ಖರ್ಚು ಮಾಡಬೇಕೋ ಎತ್ತಿಡಬೇಕೋ ಎಂದು ಹೇಳಲಾರದವರು ಯಾರೂ ಇರಲಿಲ್ಲ. ಕಲ್ಲಿನ ಮೇಲೆ ಎಸೆದು ಸದ್ದು ಕೇಳುವುದು, ಅಂಚು ಉಗುರಿನಲ್ಲಿ ಕೆರೆಯುವುದು, ಅಂಗೈಯಲ್ಲಿ ಮೇಲೆ ಕೆಳಗೆ ಆಡಿಸಿ ಭಾರ ನೋಡುವುದು, ಇವೆಲ್ಲ ರಾಗಿ ಕೊಳ್ಳುವಾಗ ಕಾಳು ನೋಡುವಷ್ಟೇ ಸಹಜವಾಗಿ ನಡೆಯುತ್ತಿತ್ತು. ಸರಕಾರ ಆ ಬಿಲ್ಲೆಯ ಮೇಲೆ ಎಷ್ಟೆಂದು ಬರೆದಿದೆ ಎನ್ನುವುದು ಎರಡನೆಯ ಮಾತು.

ನಮ್ಮಪ್ಪ ಊರೊಳಗೆ ಒಂದು ಚಿಲ್ಲರೆ ಅಂಗಡಿ ಇಟ್ಟಿದ್ದರು. ಉಪ್ಪು, ಬೆಲ್ಲ, ಸೀಮೆಎಣ್ಣೆ, ಬೀಡಿ, ಹೊಗೆಸೊಪ್ಪು, ಬೆಂಕಿಪೊಟ್ಟಣ, ಹರಳೆಣ್ಣೆ. ಹತ್ತಿ ಬಿಡಿಸುವ ಹೆಂಗಸರು ಸಂಜೆ ಕೂಲಿ ತಕ್ಕೊಂಡು ನೇರ ಅಲ್ಲಿಗೇ ಬರುತ್ತಿದ್ದರು. ಹಾಡಿಗಳಿಂದ ಜೇನುಕುರುಬರು, ಕಾಡುಕುರುಬರು ಬರುತ್ತಿದ್ದರು. ಅವರು ತಂದ ಜೇನು, ಸೀಗೆಕಾಯಿ, ಅಂಟುವಾಳಕ್ಕೆ ದುಡ್ಡು ಕೊಡುವವರು ಬೇರೆ. ಆ ದುಡ್ಡು ಉಪ್ಪು, ಹೊಗೆಸೊಪ್ಪು ಆಗುತ್ತಿದ್ದದ್ದು ನಮ್ಮಲ್ಲಿ. ಐದು ಪೈಸೆಗೆ ಉಪ್ಪು, ಹತ್ತು ಪೈಸೆಗೆ ಎಣ್ಣೆ ಎನ್ನುವ ವ್ಯಾಪಾರ. ಅಂಥ ಅಂಗಡಿಗೆ ಸಣ್ಣ ಬಿಲ್ಲೆ ಇಲ್ಲದಿದ್ದರೆ ಬಾಗಿಲು ತೆಗೆದೂ ಪ್ರಯೋಜನವಿಲ್ಲ. ಹಾಗಾಗಿ ಈ ದೇಶದ ಚಿಲ್ಲರೆ ಯಾವಾಗ ಎಲ್ಲಿಗೆ ಮಾಯವಾಯಿತು ಎನ್ನುವುದನ್ನು ನಾನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕೂತು ನೋಡಿದ್ದೇನೆ.

ಬೆಳ್ಳಿಯಿಂದ ಶುರುಮಾಡಬೇಕು. ಅಜ್ಜಿಯ ಟ್ರಂಕಿನಲ್ಲಿ ಬಟ್ಟೆಯ ಗಂಟಿನೊಳಗೆ ಹಳೆಯ ರೂಪಾಯಿಗಳಿದ್ದವು. ರಾಣಿಯ ತಲೆಯವು, ಬೋಳುತಲೆಯ ಗಡ್ಡದ ರಾಜನವು, ಕಿರೀಟ ಹಾಕಿದ ಗಡ್ಡದ ರಾಜನವು, ಕೊನೆಗೆ ಗಡ್ಡವಿಲ್ಲದ ರಾಜನವು. ಅಜ್ಜಿ ಶಾಲೆಯ ಮುಖ ಕಂಡವಳಲ್ಲ. ಆದರೆ ಅವಳದೊಂದು ಸೂತ್ರ ಇತ್ತು: "ರಾಣಿ ಇದ್ರೆ ಬೆಳ್ಳಿ, ಗಡ್ಡ ಇದ್ರೆ ಬೆಳ್ಳಿ. ನುಣ್ಣಗೆ ಬೋಳಿಸ್ಕೊಂಡವ್ನು ಅರ್ಧ ಮೋಸ ಕಣ್ ಮಗ." ದೊಡ್ಡವನಾದ ಮೇಲೆ ಪುಸ್ತಕ ನೋಡಿದಾಗ ಅಜ್ಜಿಯ ಸೂತ್ರ ಹೆಚ್ಚುಕಡಿಮೆ ಪೂರ್ತಿ ಸರಿ ಎಂದು ತಿಳಿಯಿತು. ವಿಕ್ಟೋರಿಯಾ, ಏಳನೇ ಎಡ್ವರ್ಡ್, ಐದನೇ ಜಾರ್ಜ್ ಕಾಲದ ರೂಪಾಯಿ 11.66 ಗ್ರಾಂ ತೂಕ. ಅದರಲ್ಲಿ ನೂರಕ್ಕೆ ಸುಮಾರು 91.7 ಪಾಲು ಬೆಳ್ಳಿ, ಅಂದರೆ ಹತ್ತೂವರೆ ಗ್ರಾಮಿಗೂ ಮೇಲೆ. ಎರಡನೇ ಮಹಾಯುದ್ಧ ಶುರುವಾಗಿ ಬೆಳ್ಳಿಗೆ ಬರ ಬಂದಾಗ, 1940ರಲ್ಲಿ ಸರಕಾರ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. ಆಗ ನಾಣ್ಯದ ಮೇಲಿದ್ದವನು ಆರನೇ ಜಾರ್ಜ್, ಗಡ್ಡವಿಲ್ಲದವನು. ಕಲ್ಲಿನ ಮೇಲೆ ಎಸೆದರೆ ಗಡ್ಡದವನ ರೂಪಾಯಿ ಟಣ್ಣೆಂದು ನಿಡಿದಾಗಿ ಹಾಡುತ್ತಿತ್ತು. ಇವನದು ಬೇಗ ಸುಮ್ಮನಾಗುತ್ತಿತ್ತು. ಅಜ್ಜಿಗೆ ಯುದ್ಧದ ವಿಷಯ ಗೊತ್ತಿರಲಿಲ್ಲ, ಕಿವಿಗೆ ಗೊತ್ತಾಗಿತ್ತು.

ಅರ್ಧ ಬೆಳ್ಳಿಯ ರೂಪಾಯಿಗೂ ಪೂರಾ ಬೆಳ್ಳಿಯ ರೂಪಾಯಿಗೂ ಅಂಗಡಿಯಲ್ಲಿ ಸಿಗುವ ಸಾಮಾನು ಒಂದೇ ಆದಾಗ ಯಾರು ತಾನೆ ಪೂರಾ ಬೆಳ್ಳಿಯದನ್ನು ಖರ್ಚು ಮಾಡುತ್ತಾರೆ? ಅದು ಮಡಕೆಗೆ, ಗಂಟಿಗೆ, ಸೊಂಟದ ಪಟ್ಟಿಗೆ, ಅಕ್ಕಸಾಲಿಗನ ಮೂಸೆಗೆ ಹೋಯಿತು. ಸರಕಾರವೂ ಸುಮ್ಮನಿರಲಿಲ್ಲ. 1941ರಲ್ಲಿ ವಿಕ್ಟೋರಿಯಾ ರೂಪಾಯಿಯನ್ನು, 1942ರಲ್ಲಿ ಎಡ್ವರ್ಡನದನ್ನು, 1943ರಲ್ಲಿ ಉಳಿದ ಪೂರಾ ಬೆಳ್ಳಿಯ ರೂಪಾಯಿಗಳನ್ನು ಚಲಾವಣೆಯಿಂದ ವಾಪಸು ಕರೆಯಿತು. ಕಾಡಂಚಿನ ಹಳ್ಳಿಗಳಲ್ಲಿ ಎಷ್ಟು ಜನ ಖಜಾನೆಗೆ ಹೋಗಿ ಬೆಳ್ಳಿ ಕೊಟ್ಟು ಕಾಗದ ತಂದಾರು! ಅಜ್ಜಿಯಂಥವರು ಗಂಟು ಬಿಗಿಯಾಗಿ ಕಟ್ಟಿದರು, ಅಷ್ಟೆ. 1946ರ ಹೊತ್ತಿಗೆ ಸಣ್ಣ ನಾಣ್ಯಗಳಿಂದಲೂ, ಮರುವರ್ಷ ರೂಪಾಯಿಯಿಂದಲೂ ಬೆಳ್ಳಿ ಪೂರಾ ಹೋಗಿ ನಿಕ್ಕಲ್ ಬಂತು. ಆ ನಿಕ್ಕಲ್ ನಾಣ್ಯದ ಹಿಂಬದಿಯಲ್ಲಿ ನಡೆಯುತ್ತಿರುವ ಹುಲಿಯ ಚಿತ್ರ ಇತ್ತು. ನಮ್ಮ ಕಡೆಯವರಿಗೆ ಹುಲಿ ಹೊಸದಲ್ಲ. ದನ ಹಿಡಿಯುವ ಹುಲಿ ಊರ ಮಗ್ಗುಲಲ್ಲೇ ಇತ್ತು. ನಾಣ್ಯದ ಹುಲಿಯನ್ನು ಮಾತ್ರ ಯಾರೂ ಗಂಟಿನಲ್ಲಿ ಕಟ್ಟಿಡಲಿಲ್ಲ.

ರೂಪಾಯಿ ಬರೀ ದುಡ್ಡಾಗಿರಲಿಲ್ಲ, ತೂಕದ ಕಲ್ಲೂ ಆಗಿತ್ತು. ಒಂದು ತೊಲ ಎಂದರೆ ಒಂದು ರೂಪಾಯಿಯ ತೂಕವೇ. ಎಂಬತ್ತು ತೊಲಕ್ಕೆ ಒಂದು ಸೇರು. ಹಳೆಯ ಮೈಸೂರು ಸೀಮೆಯಲ್ಲಿ ಇಪ್ಪತ್ತನಾಲ್ಕು ರೂಪಾಯಿ ತೂಕದ ಕಚ್ಚಾ ಸೇರೂ ಇತ್ತು. ಅಪ್ಪನ ತಕ್ಕಡಿಯ ಪೆಟ್ಟಿಗೆಯಲ್ಲಿ ದಶಮಾನದ ಬಟ್ಟುಗಳ ಜೊತೆ ಸವೆದ ಎರಡು ರೂಪಾಯಿ ಇದ್ದವು. ಅರಿಸಿನ, ಇಂಗು, ಗಂಧದ ಚಕ್ಕೆ ತೂಗಲು ಅವು. ತೂಕದ ಇನ್‌ಸ್ಪೆಕ್ಟರ್ ಬರುತ್ತಾರೆಂದರೆ ಅವು ಒಳಗೆ ಹೋಗುತ್ತಿದ್ದವು. ತನ್ನ ಲೋಹದ ತೂಕವೇ ತನ್ನ ಹೆಸರಾಗಿದ್ದ ನಾಣ್ಯವನ್ನು ಜನ ಲೋಹವಾಗಿ ಕಂಡದ್ದರಲ್ಲಿ ತಪ್ಪೇನು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

1980ರ ಜನವರಿಯಲ್ಲಿ ಬೆಳ್ಳಿ ಅಮೆರಿಕದ ಪೇಟೆಯಲ್ಲಿ ಔನ್ಸಿಗೆ ಐವತ್ತು ಡಾಲರ್‌ವರೆಗೆ ಏರಿತು. ಟೆಕ್ಸಸ್ಸಿನ ಹಂಟ್ ಸಹೋದರರು ಲೋಕದ ಬೆಳ್ಳಿಯನ್ನೆಲ್ಲ ಕೊಂಡುಹಾಕಲು ಹೊರಟ ಕಾಲ ಅದು. ಹಂಟ್ ಸಹೋದರರ ಹೆಸರು ನಮ್ಮೂರಿಗೆ ಬರಲಿಲ್ಲ, ಹಳೆ ರೂಪಾಯಿ ಕೊಳ್ಳುವವರು ಬಂದರು. ಗಿರವಿ ಅಂಗಡಿಯವರು, ಸೈಕಲ್ಲಿನ ಮೇಲೆ ಬರುವ ದಲ್ಲಾಳಿಗಳು ಒಂದು ರೂಪಾಯಿಗೆ ಹತ್ತು, ಹದಿನೈದು ಎಂದು ಕೇಳಿದರು. ಸಾಲದಲ್ಲಿದ್ದವರು ಕೊಟ್ಟರು. ಅಜ್ಜಿಯ ಗಂಟಿನಲ್ಲಿ ಅರ್ಧದಷ್ಟು ಅತ್ತೆಯ ಮಗಳ ಮದುವೆಗೆ ಹೋಯಿತು. ಇವತ್ತು ಅಂಥ ಒಂದು ರೂಪಾಯಿಯ ಬೆಳ್ಳಿಗೇ ಸಾವಿರ ರೂಪಾಯಿ ದಾಟುತ್ತದೆ. ಹೋದದ್ದಕ್ಕೆ ಮರುಗಿ ಪ್ರಯೋಜನವಿಲ್ಲ, ಆ ಮದುವೆ ಆಗಲೇಬೇಕಿತ್ತು. ಆದರೆ ಮಾರಿದವರೆಲ್ಲ ಬಡವರು, ಕೊಂಡವರೆಲ್ಲ ತಕ್ಕಡಿ ಇದ್ದವರು ಎನ್ನುವುದು ಆಗಲೇ ನನ್ನ ತಲೆಯಲ್ಲಿ ಕೂತಿತು. ಮುಂದೆ ಕಂಡದ್ದೆಲ್ಲ ಅದನ್ನೇ ಗಟ್ಟಿಮಾಡಿತು.

ಯುದ್ಧಕಾಲದ ತೂತು ಕಾಸಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. 1943ರಿಂದ ನಡುವೆ ದೊಡ್ಡ ತೂತು ಇರುವ ತಾಮ್ರದ ಕಾಲಾಣೆ ಬಂತು. ತಾಮ್ರ ಮದ್ದುಗುಂಡಿಗೆ ಬೇಕಿತ್ತು, ಅದಕ್ಕೆ ನಾಣ್ಯದ ಹೊಟ್ಟೆಯನ್ನೇ ತೆಗೆದರು. ಜನ ಅದನ್ನು ದಾರಕ್ಕೆ ಪೋಣಿಸಿ ಮಕ್ಕಳ ಸೊಂಟಕ್ಕೆ ಕಟ್ಟಿದರು, ಗಾಡಿಯ ಮೊಳೆ ಕೆಳಗೆ ವಾಷರ್ ಮಾಡಿಕೊಂಡರು. ನಾನು ನೋಡುವಾಗ ಅದು ನಡೆಯುವ ದುಡ್ಡಾಗಿ ಉಳಿದಿರಲಿಲ್ಲ. ನಮ್ಮ ಮನೆಯ ಗಲ್ಲಾಪೆಟ್ಟಿಗೆಯ ಬೀಗದ ಕೈಗೆ ಒಂದು ನೇತಾಡುತ್ತಿತ್ತು.

1957ರ ಏಪ್ರಿಲ್ 1ರಂದು ಆಣೆ ಹೋಗಿ ಹೊಸ ಪೈಸೆ ಬಂದದ್ದು ನನಗಿಂತ ಹಿಂದಿನ ಕತೆ. ನನ್ನ ಕಾಲ ಶುರುವಾಗುವುದು ಕಮಲದ ಇಪ್ಪತ್ತು ಪೈಸೆಯಿಂದ. 1968ರಲ್ಲಿ ಹತ್ತು ಮತ್ತು ಇಪ್ಪತ್ತು ಪೈಸೆಯನ್ನು ಹಿತ್ತಾಳೆ ಬಣ್ಣದಲ್ಲಿ ತಂದರು. ಇಪ್ಪತ್ತು ಪೈಸೆಯ ಒಂದು ಮಗ್ಗುಲಲ್ಲಿ ಅರಳಿದ ತಾವರೆ. ಹೊಸತರಲ್ಲಿ ಅದು ಎಷ್ಟು ಹೊಳೆಯುತ್ತಿತ್ತೆಂದರೆ ಅದರೊಳಗೆ ಚಿನ್ನ ಬೆರೆತಿದೆ ಎಂಬ ಮಾತು ಊರಿಂದೂರಿಗೆ ಹಬ್ಬಿತು. ಚಿನ್ನ ಇರಲಿಲ್ಲ; ತಾಮ್ರ, ಸತು, ಚೂರು ನಿಕ್ಕಲ್ ಇತ್ತು. ಆದರೂ ಆ ಮಾತಿನ ಹಿಂದೆ ಒಂದು ನಿಜ ಇತ್ತು: ತಾಮ್ರದ ಪಾಲು ಹೆಚ್ಚಿರುವ ಲೋಹವನ್ನು ಇಷ್ಟು ಸಣ್ಣ ಬೆಲೆಗೆ ಯಾರೂ ಬೇರೆಲ್ಲಿಯೂ ಕೊಡುತ್ತಿರಲಿಲ್ಲ. ಅವ್ವ ಲಕ್ಷ್ಮೀಪೂಜೆಗೆ ತಾವರೆ ಬಿಲ್ಲೆ ಎತ್ತಿಟ್ಟಳು. ಮನೆಮನೆಯಲ್ಲೂ ಎತ್ತಿಟ್ಟರು. ಪೂಜೆಗೆ ಹೋದದ್ದು ಸ್ವಲ್ಪ. ಕುಲುಮೆಗೆ ಹೋದದ್ದು ಎಷ್ಟೋ. ಅಪ್ಪನ ಗಲ್ಲಾದಲ್ಲಿ ಆ ಬಿಲ್ಲೆ ಬಂದದ್ದು ಕಂಡರೆ ಸಂಜೆಯೊಳಗೆ ಯಾರಾದರೂ "ಅಣ್ಣ, ಆ ಕಮಲದ್ದು ಇದ್ರೆ ಕೊಡಿ, ನೋಟು ಕೊಡ್ತೀನಿ" ಎಂದು ಬರುತ್ತಿದ್ದರು.

1971ರಲ್ಲಿ ಎರಡು ಸಂಗತಿ ನಡೆದವು. ಸಣ್ಣ ನಾಣ್ಯಗಳನ್ನು ಕೂಡಿಹಾಕುವುದು, ಕರಗಿಸುವುದು ಅಪರಾಧ ಎಂದು ಸಂಸತ್ತು ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು. ಅದೇ ವರ್ಷ ಹಿತ್ತಾಳೆಯ ಇಪ್ಪತ್ತು ಪೈಸೆ ನಿಂತಿತು, ಹತ್ತು ಪೈಸೆ ಅಲ್ಯೂಮಿನಿಯಂ ಆಯಿತು. ನಮ್ಮ ಸೀಮೆಯವರಿಗೆ ಆ ವರ್ಷ ನೆನಪಿರುವುದು ಬೇರೆ ಕಾರಣಕ್ಕೆ: ಕಾಕನಕೋಟೆಯಲ್ಲಿ ಆನೆ ಹಿಡಿಯುವ ಕೊನೆಯ ಖೆಡ್ಡಾ ನಡೆದದ್ದು ಆಗ. ಆನೆ ನೋಡಲು ಎಲ್ಲೆಲ್ಲಿಂದಲೋ ಜನ ಬಂದರು, ಹಾದಿಯ ಟೀ ಅಂಗಡಿಗಳಲ್ಲಿ ಚಿಲ್ಲರೆಗೆ ಜಗಳ ಆಯಿತು ಎಂದು ಅಪ್ಪ ಹೇಳುತ್ತಿದ್ದರು. ಕಾಯ್ದೆಯಿಂದ ಯಾರನ್ನಾದರೂ ಹಿಡಿದದ್ದು ನಮ್ಮ ಕಡೆ ನಾನು ಕೇಳಲಿಲ್ಲ. ಹಿತ್ತಾಳೆ ಬಿಲ್ಲೆ ಮಾತ್ರ ಕೆಲವೇ ವರ್ಷಗಳಲ್ಲಿ ಕಣ್ಣಿಗೆ ಬೀಳದಾಯಿತು.

ಅಲ್ಯೂಮಿನಿಯಂ ಬಿಲ್ಲೆಗಳನ್ನು ನಾವು ಸಿಲ್ವಾರದ ಬಿಲ್ಲೆ ಎನ್ನುತ್ತಿದ್ದೆವು. ಒಂದು ಪೈಸೆ ಚೌಕ, ಎರಡು ಪೈಸೆ ಅಂಚು ಅಲೆಅಲೆ, ಮೂರು ಪೈಸೆ ಆರು ಮೂಲೆ, ಐದು ಪೈಸೆ ಮತ್ತೆ ಚೌಕ, ಹತ್ತು ಪೈಸೆ ಹೂವಿನ ಅಂಚು. ಸರಕಾರ ಇಷ್ಟು ಹಗುರ ಲೋಹಕ್ಕೆ ಇಳಿದದ್ದೇ ಯಾರೂ ಕರಗಿಸದಿರಲಿ ಎಂದು. ಕೆಲವು ವರ್ಷ ಆ ಲೆಕ್ಕ ನಡೆಯಿತು. ಆಮೇಲೆ ನಡೆಯಲಿಲ್ಲ, ಏಕೆಂದರೆ ಬಿಲ್ಲೆಯ ಮೇಲಿನ ಅಂಕಿ ನಿಂತಲ್ಲೇ ನಿಲ್ಲುತ್ತದೆ, ಲೋಹದ ಬೆಲೆ ಏರುತ್ತಲೇ ಇರುತ್ತದೆ. ಲೆಕ್ಕ ಹೀಗಿದೆ. ಒಂದು ಪೈಸೆಯ ಬಿಲ್ಲೆ ಮುಕ್ಕಾಲು ಗ್ರಾಂ; ಒಂದು ಕಿಲೋ ಆಗಬೇಕಾದರೆ ಸುಮಾರು 1,333 ಬಿಲ್ಲೆ ಬೇಕು, ಅಂದರೆ ಹದಿಮೂರು ರೂಪಾಯಿ ಮೂವತ್ತಮೂರು ಪೈಸೆ. ಐದು ಪೈಸೆ ಒಂದೂವರೆ ಗ್ರಾಂ. ಕಿಲೋಗೆ 667 ಬಿಲ್ಲೆ, ಮೂವತ್ತಮೂರು ರೂಪಾಯಿ. ಹತ್ತು ಪೈಸೆ 2.3 ಗ್ರಾಂ, ಕಿಲೋಗೆ ನಲವತ್ತಮೂರು ರೂಪಾಯಿ ಚಿಲ್ಲರೆ. ಅಲ್ಯೂಮಿನಿಯಂ ಬೆಲೆ ಕಿಲೋಗೆ ಹದಿಮೂರು ದಾಟಿದ ದಿನ ಒಂದು ಪೈಸೆಯ ಆಯಸ್ಸು ಮುಗಿಯಿತು, ಮೂವತ್ತಮೂರು ದಾಟಿದ ದಿನ ಐದು ಪೈಸೆಯದು. ಟಂಕಸಾಲೆಯ ಆಜ್ಞೆ ಬರುವ ಎಷ್ಟೋ ಮುಂಚೆ ಗುಜರಿಯ ತಕ್ಕಡಿ ತೀರ್ಮಾನ ಹೇಳಿರುತ್ತಿತ್ತು.

ಆ ಕೆಲಸವನ್ನು ಕಣ್ಣಾರೆ ನೋಡಿದ್ದೇನೆ. ನಾನು ಕಾಲೇಜಿನಲ್ಲಿದ್ದಾಗ ಗೆಳೆಯನೊಬ್ಬನ ಜೊತೆ ಜಿಲ್ಲೆಯ ಒಂದು ಪೇಟೆಯಲ್ಲಿ ಎರಕದ ಕೊಟ್ಟಿಗೆಗೆ ಹೋಗಿದ್ದೆ. ತಗಡಿನ ಮಾಡು, ನೆಲದಲ್ಲಿ ತೋಡಿದ ಕುಲುಮೆ, ಇದ್ದಿಲು, ಕೈಯಲ್ಲಿ ತಿರುಗಿಸುವ ಗಾಳಿಯಂತ್ರ. ಪಕ್ಕದಲ್ಲಿ ಗೋಣಿಚೀಲ. ಒಡೆದ ಪಾತ್ರೆ, ಸೈಕಲ್ಲಿನ ಬಿಡಿಭಾಗ, ಅವುಗಳ ನಡುವೆ ಐದು ಪೈಸೆಯ ರಾಶಿ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಅದಕ್ಕೆ ದೊಡ್ಡ ಕಾರ್ಖಾನೆ ಬೇಡ. ಕೆಂಪಗೆ ಕಾದ ಮೂಸೆಯೊಳಗೆ ಆಳು ಸೇರಿನಿಂದ ಮೊಗೆದು ಬಿಲ್ಲೆ ಸುರಿದ. ಮೊದಲು ಏನೂ ಆಗಲಿಲ್ಲ, ಬಿಲ್ಲೆಗಳು ಹಾಗೇ ಬಿದ್ದಿದ್ದವು, ಅಶೋಕನ ಸಿಂಹ ಸ್ಪಷ್ಟವಾಗಿ ಕಾಣುತ್ತಿತ್ತು. ಆಮೇಲೆ ಮೂಲೆಗಳು ಮೆತ್ತಗಾದವು, ಒಂದಕ್ಕೊಂದು ಅಂಟಿಕೊಂಡವು, ಒಟ್ಟಿಗೆ ಕುಸಿದವು. ಮೇಲೆ ಬೂದು ಬಣ್ಣದ ಕೆನೆ ಕಟ್ಟಿತು. ಆಳು ಅದನ್ನು ಸೌಟಿನಿಂದ ತೆಗೆದು ಪಕ್ಕಕ್ಕೆ ಎಸೆದ. ಕೆಳಗಿನದು ಕನ್ನಡಿಯ ಹಾಗಿತ್ತು. ಅದನ್ನು ಮರಳಿನ ಅಚ್ಚಿಗೆ ಹೊಯ್ದರು. ಸಂಜೆಗೆ ಬಾಣಲೆ, ಪಡ್ಡಿನ ಕಾವಲಿ ಆಗಿದ್ದವು. ಮಾಲೀಕರು ಮುಚ್ಚುಮರೆ ಮಾಡಲಿಲ್ಲ. "ಪೇಟೆಯಿಂದ ಅಲ್ಯೂಮಿನಿಯಂ ಗಟ್ಟಿ ತಂದ್ರೆ ಜಾಸ್ತಿ ಬೀಳುತ್ತೆ ಸ್ವಾಮಿ, ಸರಕಾರದ್ದು ಅಗ್ಗ, ಮಾಲೂ ಶುದ್ಧ" ಎಂದರು. ಮಾಲು ಶುದ್ಧ ಎನ್ನುವುದು ನಿಜ. ಟಂಕಸಾಲೆ ಸ್ವಲ್ಪ ಮೆಗ್ನೀಷಿಯಂ ಬಿಟ್ಟರೆ ಬೇರೇನೂ ಬೆರೆಸುತ್ತಿರಲಿಲ್ಲ.

ಆ ಬಾಣಲೆಯ ಬೆಲೆ ಕೊಟ್ಟವರು ಯಾರು? ಕೊಂಡ ಗೃಹಿಣಿ ಒಂದು ಪಾಲು ಕೊಟ್ಟಳು. ಇನ್ನೊಂದು ಪಾಲನ್ನು ನಮ್ಮೂರ ಹತ್ತಿ ಬಿಡಿಸುವ ಹೆಂಗಸರು ಕೊಟ್ಟರು. ಇದು ಒಗಟಿನ ಮಾತಾಗಬಾರದು, ಬಿಡಿಸಿ ಹೇಳುತ್ತೇನೆ. ಧಾರವಾಡದಲ್ಲಿ ಬಿ.ಎಚ್. ಕಟರಕಿ ಅವರು ವರಲಕ್ಷ್ಮಿ ಎಂಬ ಮಿಶ್ರತಳಿಯ ಹತ್ತಿಯನ್ನು 1972ರಲ್ಲಿ ಕೊಟ್ಟ ಮೇಲೆ ಇಂಥ ತಳಿಗಳು ನಮ್ಮ ಕೋಟೆ ಸೀಮೆಗೂ ಬಂದವು. ಹತ್ತಿ ಹೆಚ್ಚಿತು, ಬಿಡಿಸುವ ಕೂಲಿ ಹೆಚ್ಚಿತು. ಕೂಲಿ ಕಿಲೋ ಲೆಕ್ಕ. ತೂಕ ಮಾಡಿ, ಗುಣಿಸಿ, ಒಂದು ರೂಪಾಯಿ ಎಂಬತ್ತೈದು ಪೈಸೆ ಎಂದು ಲೆಕ್ಕವಾದರೆ ಕೈಗೆ ಬರುತ್ತಿದ್ದದ್ದು ಒಂದೂಮುಕ್ಕಾಲು. "ಚಿಲ್ರೆ ಇಲ್ಲ ಕಣವ್ವ, ನಾಳೆ ಸೇರ್ಸಿ ಕೊಡ್ತೀನಿ." ನಾಳೆಯದು ನಾಳಿದ್ದಿಗೆ ಹೋಗುತ್ತಿತ್ತು. ಅದೇ ಹೆಂಗಸು ಅಂಗಡಿಗೆ ಬಂದರೆ ಹದಿಮೂರು ಪೈಸೆಯ ಎಣ್ಣೆ ಹದಿನೈದು ಆಗುತ್ತಿತ್ತು, ಅಥವಾ ಉಳಿದದ್ದಕ್ಕೆ ಒಂದು ಪೆಪ್ಪರ್‌ಮೆಂಟು. ಅಪ್ಪನ ಅಂಗಡಿಯಲ್ಲೂ ಅದೇ ನಡೆಯುತ್ತಿತ್ತು, ಕೊಡಲು ಬಿಲ್ಲೆ ಇರಲಿಲ್ಲ. ಸಾಲದ್ದಕ್ಕೆ ನೂರರ ನೋಟು ಕೊಟ್ಟು ತೊಂಬತ್ತೈದರ ಚಿಲ್ಲರೆ ತರುವ ಪರಿಸ್ಥಿತಿ ಬಂದಾಗ ಆ ಐದು ರೂಪಾಯಿಯನ್ನು ಅಪ್ಪ ತಾವೇ ಹೊರಲಿಲ್ಲ, ಉಪ್ಪು-ಎಣ್ಣೆಯ ಮೇಲೆ ಹೋಯಿತು. ಮೂಟೆ ಅಕ್ಕಿ ಕೊಳ್ಳುವವನಿಗೆ ಎರಡು ಪೈಸೆ ಮಾಯವಾದರೆ ಗೊತ್ತೂ ಆಗುವುದಿಲ್ಲ. ದಿನಕ್ಕೆ ನಾಲ್ಕು ಸಲ, ಒಂದೊಂದು ಸಲವೂ ಐದು ಹತ್ತು ಪೈಸೆಗೆ ಕೊಳ್ಳುವವರಿಗೆ ಅದು ದಿನದ ಉಪ್ಪು. ಹಾಡಿಯ ಜನಕ್ಕೆ ಇನ್ನೂ ಕಷ್ಟ. ಅವರು ಎಣಿಕೆಯಲ್ಲಿ ವಾದ ಮಾಡುತ್ತಿರಲಿಲ್ಲ. ಕೊಟ್ಟದ್ದನ್ನು ತಕ್ಕೊಂಡು ಹೋಗುತ್ತಿದ್ದರು. ಗಿರಿಜನರ ಲ್ಯಾಂಪ್ಸ್ ಸಹಕಾರ ಸಂಘಗಳು ಬಂದ ಮೇಲೆ ಜೇನಿಗೆ, ಸೀಗೆಕಾಯಿಗೆ ಲೆಕ್ಕದ ಚೀಟಿ ಬಂತು, ಆದರೆ ಚೀಟಿಯ ಪೈಸೆಗೂ ಬಿಲ್ಲೆ ಬೇಕಲ್ಲ.

ನಾಣ್ಯ ಕರಗಿಸುವುದು ಸರಕಾರಕ್ಕೆ ಮಾಡುವ ನಷ್ಟ ಎಂದೇ ಪತ್ರಿಕೆಗಳಲ್ಲಿ ಬರೆಯುತ್ತಾರೆ. ಸರಕಾರಕ್ಕೆ ನಷ್ಟ ಆಗುವುದು ನಿಜ, ಐದು ಪೈಸೆ ಟಂಕಿಸಲು ಐದು ಪೈಸೆಗಿಂತ ಹೆಚ್ಚು ತಗಲುತ್ತಿದ್ದದ್ದೂ ನಿಜ. ಆದರೆ ಸರಕಾರ ಲೋಹ ಬದಲಿಸಿ ಪಾರಾಗುತ್ತದೆ. ಪಾರಾಗಲಾರದವರು ಚಿಲ್ಲರೆಯಲ್ಲೇ ಬದುಕುವವರು.

ಮುಂದೆ ನಾನು ಊರು ಬಿಟ್ಟು ಹುಣಸೂರಿನಲ್ಲಿ ಮೇಷ್ಟರಾದೆ. ಆಗ ನಡೆಯುತ್ತಿದ್ದದ್ದು ತಾಮ್ರ-ನಿಕ್ಕಲ್ ನಾಣ್ಯಗಳ ಕಾಲ: ಮುಕ್ಕಾಲು ಪಾಲು ತಾಮ್ರ, ಕಾಲು ಪಾಲು ನಿಕ್ಕಲ್. 1975ರ ರೂಪಾಯಿ ಎಂಟು ಗ್ರಾಂ ಇತ್ತು, 1983ರ ಹೊತ್ತಿಗೆ ಆರು ಗ್ರಾಂ ಆಯಿತು. 1988ರಿಂದ ಸಣ್ಣವು ಉಕ್ಕಿಗೆ ಇಳಿದವು. 1992ರಲ್ಲಿ ರೂಪಾಯಿಯೂ ಉಕ್ಕಾಯಿತು. ಅದೇ ವರ್ಷದಿಂದ ಬಂದ ಐದು ರೂಪಾಯಿ ಮಾತ್ರ ಒಂಬತ್ತು ಗ್ರಾಮಿನ ದಪ್ಪ ತಾಮ್ರ-ನಿಕ್ಕಲ್ ಬಿಲ್ಲೆ. ಕೈಯಲ್ಲಿ ಹಿಡಿದರೆ ಹಿಡಿದಂತೆ ಅನ್ನಿಸುವ ಕೊನೆಯ ನಾಣ್ಯ ಅದು. ಹೊಗೆಸೊಪ್ಪಿನ ಹರಾಜಿನ ಕಾಲದಲ್ಲಿ ಹುಣಸೂರು, ಪಿರಿಯಾಪಟ್ಟಣದಲ್ಲಿ ದುಡ್ಡು ಓಡಾಡುತ್ತಿತ್ತು, ಆ ಐದರ ಬಿಲ್ಲೆ ಎಲ್ಲರ ಜೇಬಿನಲ್ಲಿತ್ತು. 2006, 2007ರಲ್ಲಿ ಅದು ಸಿಗುವುದು ಕಡಿಮೆಯಾಗುತ್ತ ಬಂತು. ಬಸ್ಸಿನಲ್ಲಿ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುವುದು ಹೆಚ್ಚಾಯಿತು.

ಕಾರಣ ಲಂಡನ್ನಿನ ಲೋಹದ ಪೇಟೆಯಲ್ಲಿತ್ತು. 2007ರ ಮೇ ತಿಂಗಳಲ್ಲಿ ನಿಕ್ಕಲ್ ಟನ್ನಿಗೆ ಐವತ್ತು ಸಾವಿರ ಡಾಲರ್ ದಾಟಿತು. ತಾಮ್ರ ಟನ್ನಿಗೆ ಎಂಟು ಸಾವಿರದ ಸುಮಾರಿನಲ್ಲಿತ್ತು, ಡಾಲರಿಗೆ ನಲವತ್ತು ರೂಪಾಯಿ ಚಿಲ್ಲರೆ. ಐದು ರೂಪಾಯಿಯ ಬಿಲ್ಲೆಯಲ್ಲಿ 6.75 ಗ್ರಾಂ ತಾಮ್ರ, 2.25 ಗ್ರಾಂ ನಿಕ್ಕಲ್. ಕೂಡಿಸಿ ನೋಡಿದರೆ ಲೋಹವೇ ಆರೂವರೆ ರೂಪಾಯಿ ಮೀರುತ್ತದೆ. ಹಳೆಯ ಆರು ಗ್ರಾಮಿನ ಒಂದು ರೂಪಾಯಿಯ ಲೋಹ ನಾಲ್ಕು ರೂಪಾಯಿಗೂ ಮೇಲೆ. ಆಗ ಗುಜರಿ ಅಂಗಡಿಯೊಂದರಲ್ಲಿ ಒಬ್ಬ ಹುಡುಗ ಕೆಟ್ಟ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ಚಿಲ್ಲರೆಯ ರಾಶಿಯ ಮೇಲೆ ಆಡಿಸುತ್ತಿದ್ದದ್ದು ನೋಡಿದೆ. ಉಕ್ಕಿನ ಬಿಲ್ಲೆಗಳು ನೆಗೆದು ಅಂಟಿಕೊಳ್ಳುತ್ತಿದ್ದವು. ಅವನ್ನು ಒಂದು ಡಬ್ಬಿಗೆ ಕೊಡವುತ್ತಿದ್ದ, ಅವು ಅಂಗಡಿಗೆ. ತಾಮ್ರ-ನಿಕ್ಕಲ್ ಬಿಲ್ಲೆ ಅಲುಗದೆ ಕೆಳಗೇ ಉಳಿಯುತ್ತಿದ್ದವು, ಅವು ಚೀಲಕ್ಕೆ. ವರ್ಷ ಓದಬೇಕಿಲ್ಲ, ಭಾರ ನೋಡಬೇಕಿಲ್ಲ. ಅಜ್ಜಿಯ ಕಿವಿ ಮಾಡುತ್ತಿದ್ದ ಕೆಲಸವನ್ನು ಅಯಸ್ಕಾಂತ ಮಾಡುತ್ತಿತ್ತು.

ಅದೇ ವರ್ಷ ಕೋಲ್ಕತ್ತದಿಂದ ಬಂದ ಸುದ್ದಿ ಇನ್ನೂ ದೊಡ್ಡದು. ನಮ್ಮ ನಾಣ್ಯಗಳು ಗಡಿ ದಾಟಿ ಬಾಂಗ್ಲಾದೇಶಕ್ಕೆ ಹೋಗಿ ಕ್ಷೌರದ ಬ್ಲೇಡ್ ಆಗುತ್ತಿವೆ, ಒಂದು ರೂಪಾಯಿಯ ಬಿಲ್ಲೆಯಿಂದ ಐದರಿಂದ ಏಳು ಬ್ಲೇಡು ಬರುತ್ತದೆ ಎಂದು ಪೊಲೀಸರ ತನಿಖೆಯಲ್ಲಿ ಹೊರಬಂತು. ಅಸ್ಸಾಮಿನ ಕೆಲವು ಚಹಾ ತೋಟಗಳಲ್ಲಿ ಕೂಲಿಯವರಿಗೆ ಚಿಲ್ಲರೆಯ ಬದಲು ರಟ್ಟಿನ ಚೀಟಿ ಕೊಡುವ ಹಂತಕ್ಕೆ ಬಂದಿತ್ತು. ಇಲ್ಲಿಯೂ ಬಿಸಿ ತಟ್ಟಿದ್ದು ಕೂಲಿಯವರಿಗೇ ಎನ್ನುವುದನ್ನು ಗಮನಿಸಬೇಕು. ಅಮೆರಿಕದವರೂ ಪಾರಾಗಲಿಲ್ಲ, 2006ರ ಡಿಸೆಂಬರಿನಲ್ಲಿ ಅಲ್ಲಿನ ಟಂಕಸಾಲೆ ಒಂದು ಸೆಂಟು, ಐದು ಸೆಂಟು ನಾಣ್ಯಗಳನ್ನು ಕರಗಿಸುವುದನ್ನು ನಿಷೇಧಿಸಿತು. ನಮ್ಮಲ್ಲಿ 2011ರ ನಾಣ್ಯ ಕಾಯ್ದೆ ಬಂತು, ಮರುವರ್ಷ ಜಾರಿಯಾಯಿತು. ನಾಣ್ಯ ಕರಗಿಸಿದರೆ ಏಳು ವರ್ಷದವರೆಗೆ ಸೆರೆ. ಐದು ರೂಪಾಯಿ ಆ ಹೊತ್ತಿಗಾಗಲೇ ಉಕ್ಕಾಗಿ, ಆಮೇಲೆ ಆರು ಗ್ರಾಮಿನ ಹಿತ್ತಾಳೆ ಬಣ್ಣದ್ದಾಗಿ ಬದಲಾಗಿತ್ತು. ನನ್ನ ಲೆಕ್ಕದಲ್ಲಿ ನಾಣ್ಯವನ್ನು ಉಳಿಸಿದ್ದು ಲೋಹದ ಬದಲಾವಣೆ. ಕಾಯ್ದೆ ಅದರ ಹಿಂದೆ ನಡೆದುಬಂತು.

2011ರ ಜೂನ್ 30ಕ್ಕೆ ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಸಣ್ಣವೆಲ್ಲ ಅಧಿಕೃತವಾಗಿ ನಿಂತವು. ಅದಕ್ಕೆ ಮುಂಚೆ ಬ್ಯಾಂಕಿಗೆ ಕೊಟ್ಟು ಬದಲಿಸಿಕೊಳ್ಳಿ ಎಂದರು. ಅಪ್ಪ ತೀರಿಕೊಂಡಿದ್ದರು, ಅಂಗಡಿಯನ್ನು ತಮ್ಮ ನೋಡಿಕೊಳ್ಳುತ್ತಿದ್ದ. ಗಲ್ಲಾದ ಅಡಿಯಲ್ಲಿ ಒಂದು ಹಾಲಿನಪುಡಿ ಡಬ್ಬಿ ತುಂಬ ಹತ್ತು, ಇಪ್ಪತ್ತು ಪೈಸೆ ಇತ್ತು. ಎಣಿಸಿದರೆ ಅಷ್ಟೂ ಸೇರಿ ಬಸ್ ಚಾರ್ಜಿಗೆ ಸಾಲದು. ಕೋಟೆಗೋ ಸರಗೂರಿಗೋ ಹೋಗಿ ಸಾಲಿನಲ್ಲಿ ನಿಂತು ಅದನ್ನು ಯಾರು ಬದಲಿಸುತ್ತಾರೆ? ಕಾಡಂಚಿನ ಹಳ್ಳಿಯ ಪೈಸೆ ಹೆಚ್ಚಿನಂಶ ಹೀಗೆ ಮನೆಯಲ್ಲೇ ಉಳಿಯಿತು, ಮಕ್ಕಳ ಆಟಕ್ಕೆ ಹೋಯಿತು.

ಈಗ ಪರಿಸ್ಥಿತಿ ತಿರುಗಿದೆ. ಉಕ್ಕಿನ ರೂಪಾಯಿಯನ್ನು ಕರಗಿಸುವವರಿಲ್ಲ. ಒಂದು ಕಿಲೋ ತೂಗಿದರೆ ಬಿಲ್ಲೆಗಳ ಮುಖಬೆಲೆಯೇ ಇನ್ನೂರು ದಾಟುತ್ತದೆ, ಗುಜರಿಯಲ್ಲಿ ಆ ಉಕ್ಕಿಗೆ ಅಷ್ಟು ಬೆಲೆಯಿಲ್ಲ. 2016ರ ನವೆಂಬರ್ 8ರ ರಾತ್ರಿ ದೊಡ್ಡ ನೋಟು ರದ್ದಾದ ಮೇಲೆ ನಮ್ಮೂರು ಕೆಲವು ವಾರ ನಡೆದದ್ದೇ ಬಿಲ್ಲೆಗಳ ಮೇಲೆ ಮತ್ತು ತಮ್ಮನ ಅಂಗಡಿಯ ಸಾಲದ ಪುಸ್ತಕದ ಮೇಲೆ. ಆಗ ಬ್ಯಾಂಕುಗಳ ಮೂಲಕ ಹೊರಬಂದ ನಾಣ್ಯ ಎಷ್ಟಿತ್ತೆಂದರೆ, 2018ರ ಜನವರಿಯಲ್ಲಿ ಮುಂಬಯಿ, ಕೋಲ್ಕತ್ತ, ಹೈದರಾಬಾದ್, ನೋಯ್ಡಾದ ನಾಲ್ಕೂ ಟಂಕಸಾಲೆಗಳು ಇಡಲು ಜಾಗವಿಲ್ಲದೆ ಕೆಲಕಾಲ ಟಂಕಿಸುವುದನ್ನೇ ನಿಲ್ಲಿಸಿದವು. ಅದೇ ತಿಂಗಳು ರಿಸರ್ವ್ ಬ್ಯಾಂಕು ಹತ್ತು ರೂಪಾಯಿಯ ಹದಿನಾಲ್ಕು ವಿನ್ಯಾಸದ ನಾಣ್ಯಗಳೂ ಚಲಾವಣೆಯಲ್ಲಿವೆ, ಯಾರೂ ಬೇಡ ಎನ್ನಬಾರದು ಎಂದು ಪ್ರಕಟಣೆ ಹೊರಡಿಸಬೇಕಾಯಿತು.

ಆದರೂ ನಮ್ಮ ಸೀಮೆಯಲ್ಲಿ ಹತ್ತರ ಬಿಲ್ಲೆ ಕೊಟ್ಟರೆ "ಇದು ನಡೆಯಲ್ಲ ಅಣ್ಣ, ನೋಟು ಕೊಡಿ" ಎನ್ನುವ ಅಂಗಡಿಗಳು ಇವತ್ತಿಗೂ ಇವೆ. ಗೆರೆ ಹತ್ತಿರಬೇಕು, ಹದಿನೈದಿರಬೇಕು, ರೂಪಾಯಿ ಚಿಹ್ನೆ ಇರಬೇಕು ಎಂದು ಒಬ್ಬೊಬ್ಬರದು ಒಂದೊಂದು ಶಾಸ್ತ್ರ. ಅಜ್ಜಿಯ ಗಡ್ಡದ ಸೂತ್ರದ ಹಿಂದೆ ನಿಜವಾದ ಬೆಳ್ಳಿ ಇತ್ತು. ಇದರ ಹಿಂದೆ ಏನೂ ಇಲ್ಲ, ಬರೀ ಗಾಳಿಮಾತು. ನಷ್ಟ ಮಾತ್ರ ಮೊದಲಿನ ಮನೆಗೇ ಹೋಗುತ್ತಿದೆ. ಕಬಿನಿ ಹಿನ್ನೀರಿನ ರೆಸಾರ್ಟಿಗೆ ಬಂದವರು ಎಳನೀರಿಗೂ ಫೋನಿನಲ್ಲಿ ದುಡ್ಡು ಕಳಿಸುತ್ತಾರೆ, ಅವರಿಗೆ ಪೈಸೆಯೂ ತಪ್ಪುವುದಿಲ್ಲ. ಹಾಡಿಯಿಂದ ಬಂದ ಮುದುಕಿಗೆ ಫೋನಿಲ್ಲ. ಅವಳಿಗೆ ಎಂಟು ರೂಪಾಯಿಯ ಸಾಮಾನು ಹತ್ತು ರೂಪಾಯಿ, ಉಳಿದ ಎರಡಕ್ಕೆ ಚಾಕಲೇಟು. ಅವಳ ಕೈಯಲ್ಲಿ ಹತ್ತರ ಬಿಲ್ಲೆ ಇದ್ದರೆ ಅದೂ ಇಲ್ಲ.

ಒಂದು ಕಡೆ ಬ್ಯಾಂಕಿನ ಕೋಣೆಯಲ್ಲಿ ಚೀಲಗಟ್ಟಲೆ ನಾಣ್ಯ, ಇನ್ನೊಂದು ಕಡೆ ಅಂಗಡಿಯಲ್ಲಿ ಎರಡು ರೂಪಾಯಿಗೆ ಚಾಕಲೇಟು. ನಡುವಿನ ದಾರಿ ದೊಡ್ಡದಲ್ಲ. ನಾಣ್ಯ ಹಂಚಲು ಬ್ಯಾಂಕುಗಳು ನಾಣ್ಯ ಮೇಳ ಮಾಡುವ ಪದ್ಧತಿ ಇದ್ದೇ ಇದೆ, ಆದರೆ ಅವು ಹೆಚ್ಚಾಗಿ ನಡೆಯುವುದು ಪಟ್ಟಣದಲ್ಲಿ. ಕೋಟೆ ಮತ್ತು ಸರಗೂರಿನ ಸಂತೆಯ ದಿನ, ತಿಂಗಳಿಗೊಮ್ಮೆಯಾದರೂ, ಒಂದು ಮೇಜು ಹಾಕಿ ಒಂದು, ಎರಡು, ಐದರ ಚೀಲ ಬಿಚ್ಚಿ ಕೂತರೆ ಸುತ್ತಿನ ಹಳ್ಳಿಯ ಅಂಗಡಿಯವರು ಬಂದು ಒಯ್ಯುತ್ತಾರೆ. ಹತ್ತರ ಬಿಲ್ಲೆ ನಡೆಯುತ್ತದೆ ಎಂದು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಅಲ್ಲೇ ತೂಗುಹಾಕಬೇಕು. ತಮ್ಮನಿಗೆ ಕೇಳಿದೆ, ಚಿಲ್ಲರೆ ಸಿಕ್ಕರೆ ಚಾಕಲೇಟು ಕೊಡುವುದನ್ನು ನಿಲ್ಲಿಸುತ್ತೀಯಾ ಎಂದು. "ಐನೂರು ರೂಪಾಯಿಗೆ ಬಿಲ್ಲೆ ಕೊಡ್ಸು, ನಾಳೆಯಿಂದ್ಲೇ ನಿಲ್ಲಿಸ್ತೀನಿ" ಅಂದ.